ಹನ್ನೆರಡಕ್ಕೆ ವಾಪಸ್: ನಾವು ನಾಲ್ವರು ಬೆಟ್ಟ ಹತ್ತಿ, ದೋಣಿಗೆ ಹುಟ್ಟು ಹಾಕಿದ ಒಂದು ವರ್ಷ

ನನ್ನದು ಶಿವಮೊಗ್ಗದಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಪ್ರೂಫ್ ತೆಗೆದ ಹಾಳೆಗಳ ಹಿಂಬದಿ ಖಾಲಿ ಇರುತ್ತಲ್ವಾ, ಅದನ್ನೇ ಹೊಲಿದು ಒಂದು ಲೆಕ್ಕದ ಪುಸ್ತಕ ಮಾಡಿಕೊಂಡಿದ್ದೇನೆ. ಹೋದ ವರ್ಷದ ತಿರುಗಾಟವೆಲ್ಲ ಅದರಲ್ಲಿದೆ. ಯಾರು ಡೀಸೆಲ್ ಹಾಕಿಸಿದರು, ಯಾರು ಬಾಳೆಹಣ್ಣು ತಂದರು, ಯಾರದು ಬಾಕಿ. ತಿಂಗಳಿಗೊಂದರಂತೆ ಹನ್ನೆರಡು ಸಲ ಹೋಗೋಣ ಅಂತ ಜನವರಿ ಒಂದರಂದು ಚಹಾ ಕುಡಿಯುತ್ತಾ ತೀರ್ಮಾನ ಮಾಡಿದ್ದೆವು. ಮೊನ್ನೆ ಎಣಿಸಿದರೆ ಆಗಿದ್ದು ಆರು. ತಲೆಗೆ 13,460 ರೂಪಾಯಿ. ಅದರಲ್ಲಿ ನಾನು ಶೂಗೆ ಕೊಟ್ಟಿದ್ದನ್ನು ಸೇರಿಸಿಲ್ಲ. ಅದು ಮನೆಯಲ್ಲಿ ಗೊತ್ತಾಗಬಾರದು.

ನಾವು ನಾಲ್ವರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಔಷಧಿ ಅಂಗಡಿ ಇಟ್ಟಿರುವ ಗೆಳೆಯ, ಅವನನ್ನು ಮೊದಲಿಂದಲೂ ಮೆಡಿಕಲ್ ಅಂತಲೇ ಕರೆಯುವುದು. ಅಂಚೆ ಕಚೇರಿಯ ಕೆಲಸದಿಂದ ಸ್ವಯಂ ನಿವೃತ್ತಿ ತಗೊಂಡ ಅಕ್ಕ, 58 ವರ್ಷ, ಒಂದು ಮಂಡಿ ಆಗಾಗ ಕೈಕೊಡುತ್ತದೆ. ಮತ್ತೆ ನಾನು, ವಯಸ್ಸು 47, ಹೊಟ್ಟೆಯ ವಿಷಯ ಬೇಡ.

ಜನವರಿಯಲ್ಲಿ ಕೊಡಚಾದ್ರಿ. ಹಿಡ್ಲುಮನೆ ಅಬ್ಬಿಯ ಕಡೆಯಿಂದ ಹತ್ತಿದೆವು. ಅಬ್ಬಿಯ ಪಕ್ಕದ ಬಂಡೆಗಳನ್ನು ಕೈಕಾಲು ಎರಡೂ ಊರಿ ಏರಬೇಕು. ಬೆವರು ಸುರಿಸಿ ಮೂಲ ಮೂಕಾಂಬಿಕೆಯ ಗುಡಿ ಮುಟ್ಟುವ ಹೊತ್ತಿಗೆ, ಜೀಪಿನಲ್ಲಿ ಬಂದ ಒಂದು ಸಂಸಾರ ಬಿಳಿ ಚಪ್ಪಲಿ ಹಾಕಿಕೊಂಡು ಕಡಲೆಕಾಯಿ ತಿನ್ನುತ್ತಿತ್ತು. "ನಡ್ಕೊಂಡು ಬಂದ್ರಾ? ಯಾಕೆ, ಜೀಪ್ ಸಿಗಲಿಲ್ವಾ?" ಅಂತ ಕೇಳಿದರು. ಸರ್ವಜ್ಞ ಪೀಠದವರೆಗೆ ಹೋಗಿ ಬಂದೆವು. ಎತ್ತರ 1343 ಮೀಟರ್. ಸಲೀಸಾಗಿ ಆಯಿತು. ಹಾಗೆ ಆಗಿದ್ದೇ ತಪ್ಪಾಯಿತೇನೋ, ಎರಡನೇ ಸಲಕ್ಕೇ ಕುಮಾರ ಪರ್ವತ ಅಂತ ಹಾರಿಬಿಟ್ಟೆವು.

ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ ಒಂದು ಕಡೆಗೇ ಸುಮಾರು 13 ಕಿಲೋಮೀಟರ್. ತುದಿ 1712 ಮೀಟರ್ ಎತ್ತರದಲ್ಲಿದೆ, ಕುಕ್ಕೆ ಇರುವುದು ತೀರಾ ಕೆಳಗೆ. ಅಂದರೆ 1600 ಮೀಟರಿನಷ್ಟು ಏರು. ಬಸ್ಸಿನಲ್ಲಿ ಹೋಗುತ್ತಾ ಮೇಷ್ಟ್ರು ಟಿಕೆಟ್ ಹಿಂದೆ ಲೆಕ್ಕ ಹಾಕಿದರು. 1892ರಲ್ಲಿ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಬೆಟ್ಟದ ಹುಚ್ಚ ಒಬ್ಬ ಒಂದು ಸೂತ್ರ ಕೊಟ್ಟಿದ್ದಾನಂತೆ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹಾಗೆ ನೋಡಿದರೆ ಐದೂಕಾಲು ಗಂಟೆ. "ಅದು ಸ್ಕಾಟ್ಲೆಂಡಿನವನ ಕಾಲಿಗೆ. ನಮ್ಮ ಕಾಲಿಗೆ ಒಂದೂವರೆ ಪಟ್ಟು ಹಾಕಿ" ಅಂದರು ಅಕ್ಕ. ಎಂಟು ಗಂಟೆ ಆಯಿತು. ಬೆಳಿಗ್ಗೆ ಆರಕ್ಕೆ ಹೊರಟರೂ ತುದಿಗೆ ಎರಡು ಗಂಟೆ, ಇಳಿಯುವಾಗ ಕತ್ತಲೆ. ಲೆಕ್ಕ ಕಣ್ಣೆದುರೇ ಇತ್ತು. ಆದರೂ ಹೊರಟೆವು. ಒಂದೇ ಷರತ್ತು: ಹನ್ನೆರಡಕ್ಕೆ ಎಲ್ಲಿದ್ದರೂ ವಾಪಸ್. ಮೇಷ್ಟ್ರು ಫೋನಿಗೆ ಅಲಾರಂ ಇಟ್ಟರು.

ಮೊದಲ ಭಾಗ ಕಾಡು, ನೆರಳು. ಬೇರುಗಳೇ ಮೆಟ್ಟಿಲು. ಗಿರಿಗದ್ದೆಯ ಭಟ್ಟರ ಮನೆ ದಾಟಿದ ಮೇಲೆ ಹುಲ್ಲುಗಾವಲು. ಅಲ್ಲಿಂದ ಒಂದು ಮರದ ನೆರಳಿಗೂ ಪರದಾಟ. ಫೆಬ್ರವರಿಯ ಬಿಸಿಲು ನೆತ್ತಿಗೂ ಹೊಡೆಯುತ್ತದೆ, ಬಂಡೆಯಿಂದ ಮುಖಕ್ಕೂ ಹೊಡೆಯುತ್ತದೆ. ತಲೆಗೆ ಮೂರು ಲೀಟರ್ ನೀರು ಹೊತ್ತಿದ್ದೆವು. ಕಲ್ಲು ಮಂಟಪ ದಾಟಿ ಶೇಷ ಪರ್ವತದ ಏರಿನಲ್ಲಿ ಇರುವಾಗ ಒಬ್ಬೊಬ್ಬರ ಹತ್ತಿರ ಅರ್ಧರ್ಧ ಬಾಟಲಿ ಉಳಿದಿತ್ತು. ಆಗ ಅಲಾರಂ ಹೊಡೆಯಿತು.

"ಇಷ್ಟು ದೂರ ಬಂದು ತುದಿ ಮುಟ್ಟದೆ ಹೋಗೋದಾ?" ಅಂದ ಮೆಡಿಕಲ್. "ನೀವು ಮೂರೂ ಜನ ಇಲ್ಲೇ ಕೂತಿರಿ. ನಾನು ಓಡಿ ಹೋಗಿ ಮುಟ್ಟಿ ಬರ್ತೀನಿ."

"ಒಬ್ಬನೇ ಹೋಗೋ ಹಾಗಿದ್ರೆ ಮನೆಯಿಂದಲೇ ಒಬ್ಬನೇ ಹೊರಡಬೇಕಿತ್ತು" ಅಂದರು ಮೇಷ್ಟ್ರು.

ಮೇಷ್ಟ್ರು ಹೇಳಿದ್ದು ಸರಿ. ಹೇಳಿದ ದನಿ ಮಾತ್ರ ಹೋಂವರ್ಕ್ ಮಾಡದ ಹುಡುಗನಿಗೆ ಹೇಳುವ ದನಿ. ಮೆಡಿಕಲ್ ಒಂದೂ ಮಾತಾಡದೆ ತಿರುಗಿ ಇಳಿಯಲು ಶುರು ಮಾಡಿದ, ನಮಗಿಂತ ನೂರು ಹೆಜ್ಜೆ ಮುಂದೆ. ಭಟ್ಟರ ಮನೆಯಲ್ಲಿ ಅನ್ನ, ಸಾರು, ಮಜ್ಜಿಗೆ ಬಡಿಸಿದರು. ಮಜ್ಜಿಗೆಯನ್ನೇ ಮೂರು ಸಲ ಹಾಕಿಸಿಕೊಂಡೆ. ಅವನು ಬೇರೆ ಮೂಲೆಯಲ್ಲಿ ಕೂತು ಉಂಡ. ಅಕ್ಕನ ಮಂಡಿ ಇಳಿಜಾರಿನಲ್ಲಿ ಕೈಕೊಟ್ಟಿತು, ಅವರನ್ನು ಅಡ್ಡಡ್ಡ ನಡೆಸಿಕೊಂಡು ಬಂದೆವು. ಕೆಳಗೆ ಬಂದಾಗ ಐದೂಮುಕ್ಕಾಲು. ಇನ್ನೊಂದು ಗಂಟೆ ಮೇಲೆ ಹೋಗಿದ್ದರೆ ಆ ಬೇರುಗಳ ಮೆಟ್ಟಿಲನ್ನು ಟಾರ್ಚ್ ಹಿಡಿದು ಇಳಿಯಬೇಕಾಗುತ್ತಿತ್ತು.

ನನಗೆ ಸಿಕ್ಕ ಪಾಠ ಬೇರೆ. ಹತ್ತುವಾಗ ಎದೆಗೆ ಕಷ್ಟ, ಇಳಿಯುವಾಗ ಕಾಲಿನ ಉಗುರಿಗೆ ಕಷ್ಟ. ಐದು ಗಂಟೆ ಹೊತ್ತು ಹೆಬ್ಬೆರಳು ಶೂ ಮೂತಿಗೆ ಗುದ್ದುತ್ತಲೇ ಇತ್ತು. ಎರಡೂ ಉಗುರು ಕಪ್ಪಾಗಿ, ಮಾರ್ಚ್‌ನಲ್ಲಿ ಒಂದು ಬಿದ್ದೇ ಹೋಯಿತು. ಈಗ ಹೊರಡುವ ಎರಡು ದಿನ ಮೊದಲೇ ಉಗುರು ಕತ್ತರಿಸುತ್ತೇನೆ. ಇಳಿಯುವ ಮುಂಚೆ ಶೂ ಲೇಸನ್ನು ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟುತ್ತೇನೆ, ಕಾಲು ಮುಂದೆ ಜಾರದ ಹಾಗೆ. ಶೂ ಕೂಡ ಒಂದು ಸೈಜ್ ದೊಡ್ಡದು ತಗೊಂಡೆ. ಅದೇ, ಲೆಕ್ಕಕ್ಕೆ ಬಾರದ ಶೂ.

ವಾಟ್ಸಾಪ್ ಗುಂಪು ಎರಡು ತಿಂಗಳು ಮೌನವಾಗಿತ್ತು. ಮೆಡಿಕಲ್ ಅಂಗಡಿಗೆ ಹೋಗಿ ಬಿಪಿ ಮಾತ್ರೆ ತರಲು ಮೇಷ್ಟ್ರು ಮಗನನ್ನು ಕಳಿಸುತ್ತಿದ್ದರು. ಹೀಗೇ ಬಿಟ್ಟರೆ ಆಗಲ್ಲ ಅಂತ ಅಕ್ಕ ಏಪ್ರಿಲ್ ಕೊನೆಗೆ ಎಲ್ಲರಿಗೂ ಫೋನ್ ಮಾಡಿದರು. "ಬೆಟ್ಟ ಸಾಕು. ನಮ್ಮಮ್ಮನ ತವರಿನ ಕಡೆ ಹೋಗೋಣ. ಅಲ್ಲಿ ಹತ್ತೋದು ಇಳಿಯೋದು ಏನೂ ಇಲ್ಲ, ಬರೀ ನೀರು."

ಹಾಗೆ ಹೊನ್ನೆಮರಡು. ತಾಳಗುಪ್ಪದ ಹತ್ತಿರ, ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು. ಆ ಹೊತ್ತಿಗೆ ನೀರು ಎಷ್ಟು ಇಳಿದಿತ್ತೆಂದರೆ, ದಡದಿಂದ ದೋಣಿಯವರೆಗೆ ಬಿರುಕು ಬಿಟ್ಟ ಕೆಂಪು ಮಣ್ಣಿನಲ್ಲಿ ಒಳ್ಳೇ ದೂರ ನಡೆಯಬೇಕಾಯಿತು. ಕಲಿಸುವ ಹುಡುಗ ಮೊದಲು ಲೈಫ್ ಜಾಕೆಟ್ ಬಿಗಿಸಿದ. ಹೆಗಲಿನ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿದ. ನನ್ನದು ಕಿವಿಯವರೆಗೆ ಬಂತು. ಮತ್ತೆ ಬಿಗಿಸಿದ. ಆಮೇಲೆ ಬೇಕಂತಲೇ ನಮ್ಮನ್ನು ಒಬ್ಬೊಬ್ಬರನ್ನಾಗಿ ನೀರಿಗೆ ಉರುಳಿಸಿದ. ನಾವು ಕೂತಿದ್ದು ಕಯಾಕ್, ಅಂದರೆ ಉದ್ದನೆಯ ಸಪೂರ ದೋಣಿ. ಮಗುಚಿದರೆ ಗಾಬರಿ ಬೀಳದೆ ಕಯಾಕನ್ನೇ ಹಿಡಿದುಕೊಳ್ಳಬೇಕು, ಇನ್ನೊಂದು ಕೈಯಲ್ಲಿ ಹುಟ್ಟು. ದಡ ಎಷ್ಟೇ ಹತ್ತಿರ ಕಂಡರೂ ಕಯಾಕ್ ಬಿಟ್ಟು ಈಜಬಾರದು. ನೀರಿನ ಮೇಲೆ ದೂರ ಯಾವತ್ತೂ ಕಮ್ಮಿ ಕಾಣುತ್ತದೆ.

ಹುಟ್ಟು ಹಾಕುವುದು ತೋಳಿನ ಕೆಲಸ ಅಂತ ನಾನು ತಿಳಿದಿದ್ದೆ. ಇಪ್ಪತ್ತು ನಿಮಿಷಕ್ಕೆ ಭುಜ ಸೋತಿತು. ಕಯಾಕಿನ ಹುಟ್ಟಿಗೆ ಎರಡೂ ತುದಿಯಲ್ಲಿ ಎಲೆ ಇರುತ್ತದೆ. ಎಲೆಯನ್ನು ಕಾಲ್ಬೆರಳಿನ ಹತ್ತಿರ ನೀರಿಗೆ ಇಳಿಸಬೇಕು, ಸೊಂಟದ ಹತ್ತಿರ ಬಂದಾಗ ಎತ್ತಿಬಿಡಬೇಕು. ನಡುವೆ ಎಳೆಯುವುದು ಕೈಯಲ್ಲ, ಸೊಂಟ ತಿರುಗಬೇಕು. ಬೀಸುಕಲ್ಲು ಬೀಸಿದವರಿಗೆ ಇದು ಬೇಗ ಬರುತ್ತದೆ ಅಂತ ಕಾಣುತ್ತದೆ. ಅಕ್ಕನಿಗೆ ಹತ್ತೇ ನಿಮಿಷಕ್ಕೆ ಬಂತು.

ಅಲ್ಲಿದ್ದ ಖಾಲಿ ಕಯಾಕ್‌ಗಳಲ್ಲಿ ಎರಡು ಒಂಟಿ ಸೀಟಿನವು, ಒಂದು ಜೋಡಿ ಸೀಟಿನದು. ಅಕ್ಕ ಒಂಟಿಯದರಲ್ಲಿ ಮೊದಲೇ ಕೂತುಬಿಟ್ಟರು. ಇನ್ನೊಂದಕ್ಕೆ ನಾನು ಹಾರಿದೆ. ಉಳಿದವರು ಮೇಷ್ಟ್ರು ಮತ್ತು ಮೆಡಿಕಲ್. ಅಕ್ಕ ಇದನ್ನು ಮೊದಲೇ ಯೋಚಿಸಿದ್ದರೋ ಏನೋ, ಕೇಳಿದರೆ ಇವತ್ತಿಗೂ ನಗುತ್ತಾರೆ.

ಮೆಡಿಕಲ್ ಮುಂದೆ, ಮೇಷ್ಟ್ರು ಹಿಂದೆ. ಅವನದು ಅವಸರದ ಕೈ, ಇವರದು ನಿಧಾನ. ಎರಡು ಹುಟ್ಟು ಒಂದಕ್ಕೊಂದು ಟಕ್ ಟಕ್ ಬಡಿಯುತ್ತಾ, ಕಯಾಕ್ ನಿಂತಲ್ಲೇ ಗಾಣದೆತ್ತಿನ ಹಾಗೆ ಸುತ್ತಿತು. ಕಲಿಸುವ ಹುಡುಗ ಕೂಗಿ ಹೇಳಿದ: "ಮುಂದೆ ಕೂತೋರು ಜೋರಾಗಿ ಎಣಿಸಿ ಸಾರ್. ಹಿಂದಿನೋರು ಅವರ ಲೆಕ್ಕಕ್ಕೆ ಹಾಕಿ. ತಿರುಗಿಸೋದು ಮಾತ್ರ ಹಿಂದಿನೋರ ಕೆಲಸ." ಮುಂದಿನವನಿಗೆ ಹಿಂದಿನವರು ಕಾಣುವುದಿಲ್ಲ. ಹಾಗಾಗಿ ಹಿಂದಿನವರೇ ಹೊಂದಿಕೊಳ್ಳಬೇಕು, ಬೇರೆ ದಾರಿಯಿಲ್ಲ. ಎರಡು ತಿಂಗಳ ಮೇಲೆ ಮೆಡಿಕಲ್ ಬಾಯಿಂದ ಮೇಷ್ಟ್ರಿಗೆ ಬಂದ ಮೊದಲ ಮಾತು "ಒಂದು". ಆಮೇಲೆ "ಎರಡು". ನೂರಾ ಹತ್ತಕ್ಕೋ ಏನೋ ಮಗುಚಿದರು. ಇಬ್ಬರ ತಲೆ ನೀರಿನಿಂದ ಮೇಲೆ ಬಂದಾಗ ಇಬ್ಬರೂ ಬೈದುಕೊಳ್ಳುತ್ತಿದ್ದರು. ಅಷ್ಟಾದರೆ ಸಾಕಿತ್ತು ನಮಗೆ.

ಸ್ವಲ್ಪ ಒಳಗೆ ಹೋದ ಮೇಲೆ ನನ್ನ ಕಯಾಕಿನ ತಳಕ್ಕೆ ಏನೋ ಗರಗರ ಉಜ್ಜಿತು. ಬಗ್ಗಿ ನೋಡಿದರೆ ನೀರಿನ ಅಡಿ ಒಂದು ಗೇಣಿನಲ್ಲಿ ಮರದ ಬೊಡ್ಡೆ. ಕಪ್ಪಗೆ, ಕಬ್ಬಿಣದಂತೆ. ಮುಂದೆ ಅಂಥವು ಹತ್ತಾರು, ಕೆಲವು ನೀರಿನ ಮೇಲೆ ಮೂತಿ ಎತ್ತಿಕೊಂಡು ನಿಂತಿದ್ದವು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಷ್ಟು ವರ್ಷ ನೀರಲ್ಲಿ ಕೂತರೂ ತಿರುಳು ಕೊಳೆತಿಲ್ಲ. ಅಕ್ಕ ಹುಟ್ಟನ್ನು ಮಡಿಲಿಗೆ ಅಡ್ಡ ಇಟ್ಟುಕೊಂಡು ಸುಮ್ಮನೆ ತೇಲುತ್ತಿದ್ದರು.

"ನಮ್ಮಜ್ಜಿ ಮನೆ ಈ ಕಡೆಯೇ ಎಲ್ಲೋ" ಅಂದರು. "ಅಮ್ಮ ಹೇಳೋರು, ಮನೆ ಬಿಡೋ ದಿನ ಅಜ್ಜಿ ಅಂಗಳ ಸಾರಿಸಿ ರಂಗೋಲಿ ಹಾಕಿ ಬಂದ್ರು ಅಂತ. ನೀರು ಬರೋ ಅಂಗಳಕ್ಕೆ."

ಶರಾವತಿ ಕಣಿವೆಯಿಂದ ಎದ್ದು ಬಂದವರ ಮಕ್ಕಳು ಮೊಮ್ಮಕ್ಕಳು ಶಿವಮೊಗ್ಗ ಜಿಲ್ಲೆಯ ತುಂಬ ಇದ್ದಾರೆ, ಇದು ಹೊಸ ಕತೆಯಲ್ಲ. ಆದರೆ ಅದರ ಮೇಲೆಯೇ ತೇಲುತ್ತಾ ಕೇಳುವುದು ಬೇರೆ. ಇದೇ ನೀರಿನಡಿ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿದೆ. ಜೋಗದ ಮೊದಲ ವಿದ್ಯುತ್ ಮನೆಗಾಗಿ ಕಟ್ಟಿದ್ದು. ನೀರು ತೀರಾ ಕಮ್ಮಿಯಾದ ಬೇಸಿಗೆಯಲ್ಲಿ ಅದು ಮತ್ತೆ ಎದ್ದು ಬರುತ್ತದೆ. ಒಂದು ಅಣೆಕಟ್ಟು ಇನ್ನೊಂದನ್ನು ನುಂಗಿದೆ. ಅಕ್ಕ ಅದನ್ನೂ ಒಂದು ಸಲ ನೋಡಬೇಕು ಅಂದರು. ಆಗಲಿಲ್ಲ, ಗಾಳಿ ಎದ್ದಿತು.

ಹಿನ್ನೀರಿನಲ್ಲಿ ಗಾಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಳಿಗ್ಗೆ ಏಳಕ್ಕೆ ನೀರು ಎಣ್ಣೆಯ ಹಾಗೆ ಇರುತ್ತದೆ. ಹನ್ನೊಂದರ ಮೇಲೆ ಗಾಳಿ, ಸಣ್ಣ ಸಣ್ಣ ಅಲೆ. ಹೋಗುವಾಗ ಗಾಳಿ ಬೆನ್ನಿಗೆ ಇದ್ದರೆ ನಾವು ಭಾರಿ ಶೂರರು ಅನ್ನಿಸುತ್ತದೆ. ಬರುವಾಗ ಅದೇ ಎದೆಗೆ. 40 ನಿಮಿಷದಲ್ಲಿ ಹೋದ ದೂರಕ್ಕೆ ವಾಪಸ್ ಒಂದೂವರೆ ಗಂಟೆ ಹಿಡಿಯಿತು. ಅವತ್ತಿಂದ ನಮ್ಮ ರೂಲು: ಸುಸ್ತಾಗದೆ ಇರುವಾಗಲೇ ಗಾಳಿಗೆ ಎದುರಾಗಿ ಹೋಗುವುದು, ಬರುವಾಗ ಅದು ತಳ್ಳಿಕೊಂಡು ಬರಲಿ.

ಮೇ ತಿಂಗಳು ಮದುವೆಗಳು, ನನ್ನ ಪ್ರೆಸ್ಸಿಗೆ ಸುಗ್ಗಿ. ಜೂನ್, ಜುಲೈ, ಆಗಸ್ಟ್ ಮಳೆ ಮತ್ತು ನೆಪಗಳು. ಸೆಪ್ಟೆಂಬರಿನಲ್ಲಿ ಕುದುರೆಮುಖ.

ಕುದುರೆಮುಖಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ತಗೊಳ್ಳಬೇಕು, ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕ ಇದೆ. ನಡಿಗೆ ಶುರುವಾಗುವ ಮುಳ್ಳೋಡಿಯವರೆಗೆ ಜೀಪು. ಆ ಜೀಪಿನಲ್ಲಿ ಕೂತರೆ ಊಟ ಮಾಡಿದ್ದು ಯಾಕೆ ಅನ್ನಿಸುತ್ತದೆ. ಎತ್ತರ 1894 ಮೀಟರ್, ಹೋಗಿ ಬರಲು ಹತ್ತಿರ ಹತ್ತಿರ 20 ಕಿಲೋಮೀಟರ್. ಆದರೆ ಏರು ಕುಮಾರ ಪರ್ವತದಷ್ಟು ಕಡಿದಲ್ಲ. ಹಳ್ಳ, ಶೋಲಾ ಕಾಡು, ಹುಲ್ಲು, ಮತ್ತೆ ಹಳ್ಳ. ಇದೇ ಬೆಟ್ಟಗಳ ಇನ್ನೊಂದು ಮಗ್ಗುಲಲ್ಲಿ 2005ರ ಕೊನೆಯವರೆಗೂ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನಿಂತಿತು. ಆ ಹಸಿರು ನೋಡಿದರೆ ನಂಬಲು ಕಷ್ಟ.

ಇಲ್ಲಿಯ ನಿಜವಾದ ವಿಷಯ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಮಲೆನಾಡಿನಲ್ಲಿ ಹುಟ್ಟಿದವರು ನಾವು, ಉಂಬಳ ನಮಗೇನು ಅಂತ ಇದ್ದೆವು. ಮೆಡಿಕಲ್ ಅಂಗಡಿಯಿಂದ ಯಾವುದೋ ಸ್ಪ್ರೇ ತಂದಿದ್ದ. ಅರ್ಧ ಗಂಟೆಗೆ ಮಳೆ ತೊಳೆದು ಹಾಕಿತು. ಅಕ್ಕ ಮಾತ್ರ ಹೊಗೆಸೊಪ್ಪು ನೆನೆಸಿದ ನೀರಿಗೆ ಸುಣ್ಣ ಕಲಸಿ, ಅದರಲ್ಲಿ ಕಾಲುಚೀಲ ಅದ್ದಿ ಒಣಗಿಸಿ ತಂದಿದ್ದರು, ಪ್ಯಾಂಟಿನ ತುದಿಯನ್ನು ಅದರ ಒಳಗೆ ತೂರಿಸಿದ್ದರು. ಅವರಿಗೆ ಹತ್ತಿದ್ದು ಎರಡು. ನನಗೆ ಹದಿನೇಳು, ಎಣಿಸಿದ್ದೇನೆ. ಉಂಬಳವನ್ನು ಕಿತ್ತೆಳೆಯಬಾರದು. ಉಪ್ಪಿನ ಸಣ್ಣ ಗಂಟು ಮಾಡಿ, ಒದ್ದೆ ಮಾಡಿ ಮುಟ್ಟಿಸಿದರೆ ತಾನೇ ಬಿಡುತ್ತದೆ. ಬಿಟ್ಟ ಮೇಲೂ ರಕ್ತ ನಿಲ್ಲುವುದಿಲ್ಲ, ಯಾಕೆಂದರೆ ಅದು ರಕ್ತ ಹೆಪ್ಪುಗಟ್ಟದ ಹಾಗೆ ಏನೋ ಸೇರಿಸಿಬಿಟ್ಟಿರುತ್ತದೆ. "ಹಿರುಡಿನ್" ಅಂದ ಮೆಡಿಕಲ್. "ಸೆಕೆಂಡ್ ಪಿಯುಸಿಗೆ ಹೇಳಿಕೊಡ್ತಾರೆ" ಅಂದರು ಮೇಷ್ಟ್ರು. ಮತ್ತೆ ಜಗಳ ಶುರು ಆಗುತ್ತೇನೋ ಅಂದುಕೊಂಡೆ, ಆಗಲಿಲ್ಲ.

ಹನ್ನೊಂದೂವರೆಗೆ ತುದಿ ಮುಟ್ಟಿದೆವು. ಮೆಡಿಕಲ್ ಕೈ ಎತ್ತಿ ಕೂಗಿದ. ಸುತ್ತಲೂ ಮಂಜು. ಚಾಚಿದ ಕೈಯ ಬೆರಳೂ ಸರಿಯಾಗಿ ಕಾಣುತ್ತಿರಲಿಲ್ಲ. ಚಿತ್ರಾನ್ನ ತಿಂದು ಇಳಿದೆವು.

ದಸರಾ ರಜೆಯಲ್ಲಿ ಆನೆಗೊಂದಿ ಕಡೆ ಹೋಗಿ ಸಾಣಾಪುರ ಕೆರೆಯಲ್ಲಿ ಹರಿಗೋಲು ನಡೆಸಲು ಕೇಳಿದೆವು. ಬಿದಿರಿನ ದಬ್ಬೆ ಹೆಣೆದ ದುಂಡನೆಯ ಬುಟ್ಟಿ. ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲದ ಮೇಲೆ ಡಾಂಬರು. ಅದಕ್ಕೆ ಮುಂದು ಹಿಂದು ಅನ್ನುವುದೇ ಇಲ್ಲ. ಕಯಾಕಿನ ಹಾಗೆ ಪಕ್ಕದಲ್ಲಿ ಹಾಕಿದರೆ ಬುಗುರಿ. ಹೋಗಬೇಕಾದ ಕಡೆಗೆ ಹುಟ್ಟನ್ನು ಚಾಚಿ, ನೀರನ್ನು ನಮ್ಮ ಕಡೆಗೆ ಬಾಚಿಕೊಳ್ಳಬೇಕು. ಹೊನ್ನೆಮರಡಿನಲ್ಲಿ ಕಲಿತದ್ದೆಲ್ಲ ಇಲ್ಲಿ ಉಲ್ಟಾ. ಅಂಬಿಗರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾಹೇಬ್ರ, ನೀವು ಸುಮ್ನೆ ಕುಂದರ್ರಿ" ಅಂದು ಹುಟ್ಟು ಕಸಿದುಕೊಂಡರು.

ನವೆಂಬರಿನಲ್ಲಿ ಸಾಲಿಗ್ರಾಮ. ನಮ್ಮ ವರ್ಷದ ದೊಡ್ಡ ಎಡವಟ್ಟು ಅಲ್ಲೇ.

ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹತ್ತಿರ ಪಾರಂಪಳ್ಳಿ ಕಡೆ ಹೊಳೆಯ ಅಂಚಿಗೆ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನ ಮ್ಯಾಂಗ್ರೋವ್ ಕಾಡು ಇದೆ. ಕವಲು ಕವಲಾಗಿ ಸಣ್ಣ ತೋಡುಗಳು, ಮೇಲೆ ಎಲೆಗಳ ಚಪ್ಪರ. ಕಯಾಕಿಗೆ ಹೇಳಿ ಮಾಡಿಸಿದ ಜಾಗ. ಪರಿಚಯದವರೊಬ್ಬರಿಂದ ಎರಡು ಜೋಡಿ ಸೀಟಿನ ಕಯಾಕ್ ತಗೊಂಡೆವು. "ಜೊತೆಗೆ ಹುಡುಗನ್ನ ಕಳಿಸ್ಲಾ?" ಅಂತ ಕೇಳಿದರು. ಬೇಡ ಅಂದವನು ನಾನೇ. ಹೊನ್ನೆಮರಡಿನಲ್ಲಿ ಕಲಿತಿದ್ದೇವಲ್ಲ, ಅನ್ನುವ ಜಂಬ. ಮಧ್ಯಾಹ್ನ ಊಟ ಮುಗಿಸಿ ಎರಡು ಗಂಟೆಗೆ ಇಳಿದೆವು. ಅವತ್ತು ಹುಣ್ಣಿಮೆ. ಅದು ಯಾರ ತಲೆಗೂ ಬರಲಿಲ್ಲ. ಘಟ್ಟದ ಮೇಲಿನವರು ನಾವು, ನಮ್ಮ ನೀರು ಮಳೆಗಾಲಕ್ಕೆ ಏರುತ್ತದೆ, ಬೇಸಿಗೆಗೆ ಇಳಿಯುತ್ತದೆ. ಸಮುದ್ರದ ಜೊತೆ ದಿನಕ್ಕೆ ಎರಡು ಸಲ ಏರಿ ಇಳಿಯುವ ನೀರು ನಮಗೆ ಪುಸ್ತಕದ ವಿಷಯ.

ಹೋಗುವಾಗ ಕಯಾಕ್ ತಾನಾಗೇ ಓಡಿತು. ಎಷ್ಟು ಚೆನ್ನಾಗಿ ಹುಟ್ಟು ಹಾಕ್ತಿದ್ದೀವಿ ನೋಡು ಅಂತ ಬೀಗಿದೆವು. ಅದು ಇಳಿತದ ಸೆಳೆತ. ಒಂದು ಕವಲು ತೋಡಿನೊಳಗೆ ನುಗ್ಗಿ, ಅಲ್ಲಿ ಕಾಂಡ್ಲಾ ಗಿಡದ ಬೇರುಗಳು ಮೊಳೆಯ ಹಾಗೆ ಕೆಸರಿನಿಂದ ಮೇಲೆ ಚಾಚಿಕೊಂಡಿರುವುದನ್ನು ನೋಡುತ್ತಾ ಕೂತೆವು. ಆ ಬೇರುಗಳೇ ಅದಕ್ಕೆ ಮೂಗು, ಉಸಿರಾಡುವುದು ಅದರಿಂದಲೇ ಅಂತ ಮೇಷ್ಟ್ರು ಪಾಠ ಶುರು ಮಾಡಿದರು. ಬೇರು ಮೊದಲು ಒಂದು ಬೆರಳು ಕಂಡಿತು, ಆಮೇಲೆ ಒಂದು ಗೇಣು. ಬೇರು ಬೆಳೆಯುತ್ತಿಲ್ಲ, ನೀರು ಇಳಿಯುತ್ತಿದೆ ಅಂತ ಹೊಳೆಯುವಷ್ಟರಲ್ಲಿ ತಳ ಕೆಸರಿಗೆ ಕೂತಿತ್ತು. ನಾಲ್ಕೂವರೆ ಗಂಟೆ.

ಮೆಡಿಕಲ್ ಇಳಿದು ತಳ್ಳುತ್ತೇನೆ ಅಂತ ಕಾಲು ಇಟ್ಟ. ಮಂಡಿಯವರೆಗೆ ಹೂತಿತು. ಒಂದು ಚಪ್ಪಲಿ ಅಲ್ಲೇ ಉಳಿಯಿತು, ಚಿಪ್ಪು ತಾಗಿ ಪಾದ ಕೊಯ್ದುಕೊಂಡ. ಆಗ ದೂರದಲ್ಲಿ ಬುಟ್ಟಿ ಹಿಡಿದು ಚಿಪ್ಪು ಆರಿಸುತ್ತಿದ್ದ ಹೆಂಗಸೊಬ್ಬರು ನೋಡಿದರು.

"ಹೋಯ್! ಎಂತ ಮಾರಾಯ್ರೆ, ನೀರ್ ಇಳಿತ್ ಅಂದೇಳಿ ಗೊತ್ತಿಲ್ಯಾ? ಇಳೀಬೇಡಿ, ದೋಣಿಯಂಗೇ ಕೂಕಣಿ!"

ಎಷ್ಟು ಹೊತ್ತು ಅಂತ ಕೇಳಿದೆವು. ಅವರು ಗಡಿಯಾರ ನೋಡಲಿಲ್ಲ. ಪೂರ್ವದ ಕಡೆ ಕೈ ತೋರಿಸಿ, ಚಂದ್ರ ಆ ತೆಂಗಿನ ಮರದ ತಲೆಯಿಂದ ಮೇಲೆ ಬರಲಿ, ಆಗ ನೀರು ಬರುತ್ತದೆ ಅಂದರು. ದಡದಲ್ಲಿ ಯಾರಿಗಾದರೂ ಹೇಳಿ ಕಳಿಸುತ್ತೇನೆ ಅಂತ ಹೇಳಿ ಹೋದರು.

ಎರಡೂವರೆ ಗಂಟೆಗೂ ಹೆಚ್ಚು ಕೂತಿದ್ದೆವು. ಕೆಸರಿನಲ್ಲಿ ಸಣ್ಣ ಮೀನುಗಳು ರೆಕ್ಕೆ ಊರಿಕೊಂಡು ಕುಪ್ಪಳಿಸುತ್ತಿದ್ದವು. ಒಂದು ಬಿಸ್ಕೆಟ್ ಪೊಟ್ಟಣ, ಒಂದು ಬಾಟಲಿ ನೀರು, ಸೊಳ್ಳೆ ಬೇಕಾದಷ್ಟು. ಫೋನುಗಳನ್ನು ಜಿಪ್ ಕವರಿನಲ್ಲಿ ಹಾಕಿಟ್ಟಿದ್ದು ಒಂದೇ ನಾವು ಸರಿಯಾಗಿ ಮಾಡಿದ ಕೆಲಸ. ಮೆಡಿಕಲ್ ಕಾಲಿನ ಗಾಯಕ್ಕೆ ಅಕ್ಕ ತಮ್ಮ ಕರ್ಚೀಫ್ ಕಟ್ಟಿದರು. ಅಂಗಡಿ ತುಂಬ ಬ್ಯಾಂಡೇಜ್ ಇಟ್ಟುಕೊಂಡವನು ಒಂದೂ ತಂದಿರಲಿಲ್ಲ. ಮೇಷ್ಟ್ರು ಬೈಯುತ್ತಾರೆ ಅಂತ ನಾನು ಕಾಯುತ್ತಿದ್ದೆ. ಅವರು ಸುಮ್ಮನೆ ಅವನ ಒಂಟಿ ಚಪ್ಪಲಿಯನ್ನು ತೊಳೆದು ಕಯಾಕಿನ ಮೂತಿಗೆ ಒಣಗಲು ಇಟ್ಟರು.

ಚಂದ್ರ ಬಂದ. ಮೊದಲು ಎಲೆಗಳ ಸಂದಿಯಲ್ಲಿ ಕೆಂಪಗೆ, ಆಮೇಲೆ ತೆಂಗಿನ ತಲೆಯ ಮೇಲೆ. ನೀರು ಬಂದದ್ದು ಕಣ್ಣಿಗೆ ಕಾಣಲಿಲ್ಲ, ಕಿವಿಗೆ ಕೇಳಿಸಿತು. ಬೇರುಗಳ ನಡುವೆ ಚಿಟಿಚಿಟಿ ಅನ್ನುವ ಸದ್ದು. ಕಯಾಕ್ ಒಂದು ಪಕ್ಕಕ್ಕೆ ವಾಲಿತು, ಮತ್ತೆ ನೇರ ಆಯಿತು. "ಒಂದು" ಅಂದ ಮೆಡಿಕಲ್, ಮುಂದಿನ ಸೀಟಿನಿಂದ. ಹೊಳೆಯ ಬಾಯಿಗೆ ಬರುವಷ್ಟರಲ್ಲಿ ಟಾರ್ಚ್ ಹಿಡಿದು ದೋಣಿಯಲ್ಲಿ ಇಬ್ಬರು ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದರು. ಬೈದರು. ಬೈಯಿಸಿಕೊಂಡೆವು. ಆಮೇಲೆ ಅವರ ಮನೆಯಲ್ಲೇ ಗಂಜಿ, ಉಪ್ಪಿನಕಾಯಿ.

ಅವರಿಂದ ಕಲಿತ ಲೆಕ್ಕ ಇಷ್ಟು. ಭರತದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಹೊತ್ತು ದಿನದಿಂದ ದಿನಕ್ಕೆ ಹತ್ತಿರ ಹತ್ತಿರ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅಷ್ಟಮಿಯ ಹೊತ್ತಿಗೆ ಎರಡೂ ಕಮ್ಮಿ. ಸಣ್ಣ ತೋಡಿಗೆ ಹೋಗುವುದಿದ್ದರೆ ನೀರು ಏರುತ್ತಿರುವಾಗ ಹೋಗಬೇಕು. ಆಗ ತಳ ತಾಗಿದರೂ ಸ್ವಲ್ಪ ಹೊತ್ತಿಗೆ ನೀರೇ ಎತ್ತುತ್ತದೆ.

ಡಿಸೆಂಬರಿನಲ್ಲಿ ಎಲ್ಲೂ ಹೋಗಲಿಲ್ಲ. ಪ್ರೆಸ್ಸಿನಲ್ಲಿ ಕ್ಯಾಲೆಂಡರ್ ಕೆಲಸ. ಮೆಡಿಕಲ್ ಪ್ರತಿ ವರ್ಷ ಗಿರಾಕಿಗಳಿಗೆ ಕೊಡಲು ಐನೂರು ಹಾಕಿಸುತ್ತಾನೆ. ಈ ಸಲ ಪ್ರೂಫ್ ನೋಡಲು ಬಂದವನು ಕನ್ನಡಕ ಏರಿಸಿ ಕೇಳಿದ, "ಹುಣ್ಣಿಮೆ ಅಮಾವಾಸ್ಯೆ ಯಾಕೆ ಇಷ್ಟು ಸಣ್ಣಗೆ ಹಾಕಿದ್ದೀಯ? ದೊಡ್ಡದು ಮಾಡು, ಕೆಂಪು ಕೊಡು. ಅಷ್ಟಮಿನೂ ಹಾಕು." ಗಿರಾಕಿಗಳು ಅವನಿಗೆ ಭಕ್ತಿ ಹೆಚ್ಚಾಗಿದೆ ಅಂದುಕೊಂಡಿದ್ದಾರಂತೆ.

ಫೆಬ್ರವರಿಗೆ ಮತ್ತೆ ಕುಮಾರ ಪರ್ವತ ಅಂತ ಮಾತಾಗಿದೆ. ಅಕ್ಕ ಭಟ್ಟರ ಮನೆಯವರೆಗೆ ಬಂದು ಮಜ್ಜಿಗೆ ಕುಡಿದು ಕೂತಿರುತ್ತಾರಂತೆ. ಅಲಾರಂ ಈ ಸಲ ಮೆಡಿಕಲ್ ಫೋನಿನಲ್ಲಿ. ಸಾಲಿಗ್ರಾಮದ ಡೀಸೆಲ್ ಬಾಬ್ತು 340 ರೂಪಾಯಿ ಮೇಷ್ಟ್ರು ಇನ್ನೂ ಕೊಡಬೇಕು, ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.